ಫತ್‌ಹುಲ್ ಮುಜಾಹಿದೀನ್ ಮತ್ತು ಕರಾವಳಿಯ ಶಾಮಿಲು

ಮೈಸೂರು ಸೈನ್ಯದ ಚರಿತ್ರೆಗೆ ದೊರೆಯುವ ಆಧಾರಗಳಲ್ಲಿ ‘ಫತ್‌ಹುಲ್ ಮುಜಾಹಿದೀನ್’ ಎಂಬ ಪಾರಸಿ ಗ್ರಂಥವು ಮುಖ್ಯವಾದುದು. ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಇದನ್ನು ರಚಿಸಿದವನು ಜೈನುಲ್ ಆಬಿದೀನ್ ಶೂಷ್ತರಿ. 1811ರಲ್ಲಿ ಲಂಡನ್ನಿನಲ್ಲಿ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ ಸುಲ್ತಾನನ ಪತ್ರಗಳ ಅನುವಾದದ ಮೂಲಕ ಇದರ ಪರಿಚಯವು ಹೊರಗಿನ ವಿದ್ವಾಂಸರಿಗೆ ಆಯಿತು. ಅಂದಿನಿಂದ ಇದನ್ನು ಕೆಲವರು ಕೇವಲ ಮತಾವೇಶದ ಕೃತಿಯೆಂದು ತಳ್ಳಿಹಾಕಿರುವರು. ಕೆಲವರು ಬಾಣವಿದ್ಯೆಯ ಪವಾಡಕ್ಕೆ ಸಾಕ್ಷಿಯೆಂದು ಮೆರೆಸಿರುವರು. ಎರಡು ದೃಷ್ಟಿಗಳೂ ಗ್ರಂಥದ ನಿಜವಾದ ಬೆಲೆಯನ್ನು ಮರೆಮಾಡುತ್ತವೆ.

ಗ್ರಂಥದ ಗುಣವು ಅದರ ವ್ಯವಸ್ಥೆಯಲ್ಲಿದೆ. ಪಾಳೆಯಗಾರರು ತಂತಮ್ಮ ಜನರನ್ನು ಕೂಡಿಸಿ ತರುತ್ತಿದ್ದ ಹಳೆಯ ಪದ್ಧತಿಯಲ್ಲಿ ಸಿಪಾಯಿಯ ನಿಷ್ಠೆಯು ತನ್ನ ನಾಯಕನಿಗೆ ಸಲ್ಲುತ್ತಿತ್ತು. ಇಲ್ಲಿ ಕಾಣುವುದಾದರೋ ಕುಷೂನು, ರಿಸಾಲೆ, ಜೌಕು ಎಂಬ ವಿಭಾಗಗಳು. ಅವುಗಳ ಮೇಲೆ ಸಿಪಹದಾರ, ರಿಸಾಲದಾರ, ಜೌಕದಾರರೆಂಬ ಅಧಿಕಾರಿಗಳ ಮೆಟ್ಟಿಲು. ತೋಪುಗಳೂ ಬಾಣಗಾರರೂ ಕುಷೂನಿಗೆ ಸೇರಿದ ಅಂಗಗಳೇ ಹೊರತು ಬೇರೆಯ ಗುಂಪಲ್ಲ. ಕವಾಯತಿನ ಆಜ್ಞೆಗಳಿಗೆ ಯುರೋಪಿಯನ್ ಪದಗಳನ್ನು ಬಿಟ್ಟು ಪಾರಸಿ ಪದಗಳನ್ನು ಹಿಡಿದುದರಲ್ಲಿಯೂ, ಸೈನ್ಯವು ಸಂಪೂರ್ಣವಾಗಿ ಪ್ರಭುತ್ವದ್ದಾಗಬೇಕೆಂಬ ಉದ್ದೇಶವೇ ಕಾಣುತ್ತದೆ.

ಬಾಣಗಳ ಕೀರ್ತಿಯನ್ನು ಸ್ವಲ್ಪ ಎಚ್ಚರಿಕೆಯಿಂದ ಅಳೆಯಬೇಕು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬುವ ಕೌಶಲವು ಮೈಸೂರಿಗೆ ನಿಜವಾಗಿ ಸಂದುದು. 1799ರ ಬಳಿಕ ಇಂಗ್ಲೆಂಡಿನಲ್ಲಿ ಕಾಂಗ್ರೀವನು ನಡೆಸಿದ ಪ್ರಯತ್ನಗಳಿಗೆ ಪ್ರೇರಣೆಯಾದುದೂ ಅದೇ. ಆದರೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಬೇಲಿಯ ದಳದ ಮದ್ದಿನ ಬಂಡಿಗಳು ಸಿಡಿದುದು ಬಾಣದಿಂದಲೋ ತೋಪಿನ ಗುಂಡಿನಿಂದಲೋ ಎಂಬಲ್ಲಿ ವೃತ್ತಾಂತಗಳು ಒಮ್ಮತವಾಗಿಲ್ಲ. 2018ರಲ್ಲಿ ಬಿದನೂರಿನ, ಎಂದರೆ ಇಂದಿನ ನಗರದ, ಹಾಳುಬಾವಿಯೊಂದರಲ್ಲಿ ದೊರೆತ ಸಾವಿರದಷ್ಟು ಬಾಣಗಳು ಸಂಗ್ರಹದ ಗಾತ್ರವನ್ನು ತಿಳಿಸುತ್ತವೆ. ರಣರಂಗದಲ್ಲಿ ಅವುಗಳ ಫಲವನ್ನಲ್ಲ. ತೋಪನ್ನು ಕದನಕ್ಕೆ ಮುಟ್ಟಿಸಿದುದು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಈ ರಾಸುಗಳ ವೇಗವನ್ನು ಶತ್ರುಗಳೇ ಮೆಚ್ಚಿಕೊಂಡರು. ಬಾಣವನ್ನು ಹೊಗಳುವ ಲೇಖನಗಳಲ್ಲಿ ಎತ್ತಿಗೆ ಸ್ಥಳವಿಲ್ಲದಿರುವುದು ಚರಿತ್ರೆಗೆ ಆದ ಅನ್ಯಾಯ.

ಎತ್ತಿಗೆ ಮೇವು, ಸಿಪಾಯಿಗೆ ಸಂಬಳ, ತೋಪಿಗೆ ಕಂಚು, ಇವೆಲ್ಲ ಯಾರ ಹೊಲದಿಂದ ಬಂದುವು? ಕವಾಯತಿನ ಗ್ರಂಥಕ್ಕೆ ಇದು ವಿಷಯವಲ್ಲ, ವಿಮರ್ಶಕನಿಗೆ ವಿಷಯವಾಗಬೇಕು. ಉತ್ತರದ ಒಂದು ಭಾಗವು ಘಟ್ಟದ ಕೆಳಗಿದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಅದರೊಡನೆ ಕರಾವಳಿಯೂ ಮೈಸೂರಿಗೆ ಸೇರಿತು. 1799ರವರೆಗೆ, ಮೂವತ್ತಾರು ವರ್ಷ, ಉಡುಪಿ, ಕಾಪು, ಕಾರ್ಕಳಗಳ ಗದ್ದೆಗಳು ಈ ಸೈನ್ಯದ ಭಾರವನ್ನು ಹೊತ್ತವು. ಕೆಳದಿಯ ಶಿವಪ್ಪನಾಯಕನ ಕಾಲದ ಕಂದಾಯಕ್ಕೆ ಶಿಸ್ತು ಎಂದು ಹೆಸರು. ಅದರ ಮೇಲೆ ಹೈದರನೂ ಟಿಪ್ಪುವೂ ಏರಿಸಿದ ಹೆಚ್ಚುವರಿಗೆ ಶಾಮಿಲು ಎಂದು ಹೆಸರು. ಲೆಕ್ಕದ ಪುಸ್ತಕದ ಈ ಎರಡು ಪದಗಳ ನಡುವಣ ಅಂತರವೇ ತೋಪಖಾನೆಯ ವೆಚ್ಚದಲ್ಲಿ ಕರಾವಳಿಯ ಪಾಲು ಎಂದರೆ ಹೆಚ್ಚು ತಪ್ಪಾಗದು.

ಕಂಪನಿಯ ಪರವಾಗಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಬಂದ ಮನ್ರೋ, 1800ರಲ್ಲಿ ಬರೆದ ವರದಿಯಲ್ಲಿ ಈ ಹೆಚ್ಚಳದಿಂದ ಒಕ್ಕಲು ಕುಗ್ಗಿದುದನ್ನು ವಿವರಿಸಿದನು. ಗೆದ್ದವನು ಸೋತವನ ಆಡಳಿತವನ್ನು ಕುರಿತು ಬರೆದ ಮಾತು ಎಂಬುದನ್ನು ಮರೆಯಬಾರದು. ಶಾಮಿಲನ್ನು ಪೂರ್ಣವಾಗಿ ಕೈಬಿಡಲು ಕಂಪನಿಯೂ ಒಪ್ಪಲಿಲ್ಲವೆಂಬುದೂ ಗಮನಾರ್ಹ. ಆದರೂ ಕರಾವಳಿಯ ಮೂಲದಾರನಿಗೆ ಇದ್ದ ಭೂಸ್ವಾಮ್ಯದ ಹಕ್ಕನ್ನು ಅವನು ಗುರುತಿಸಿದ ರೀತಿಯನ್ನು ನೋಡಿದರೆ, ಅವನ ಸಾಕ್ಷ್ಯವನ್ನು ಹಗೆಯ ಮಾತೆಂದು ಬದಿಗೊತ್ತಲಾಗದು.

ಆದಕಾರಣ ಫತ್‌ಹುಲ್ ಮುಜಾಹಿದೀನನ್ನು ಒಂಟಿಯಾಗಿ ಓದಿದವನು ಸೈನ್ಯದ ವಿನ್ಯಾಸವನ್ನು ಮಾತ್ರ ಅರಿತಾನು. ಪಾರಸಿಯ ಆ ಪುಟಗಳ ಪಕ್ಕದಲ್ಲಿ ಶಿಸ್ತು-ಶಾಮಿಲುಗಳ ಕನ್ನಡ ಲೆಕ್ಕವನ್ನು ಇಟ್ಟು ಓದಿದಾಗಲೇ ಚರಿತ್ರೆಯು ಪೂರ್ಣವಾಗುವುದು. ದೇಶಕ್ಕೆಲ್ಲ ಒಂದೇ ಸೈನ್ಯವನ್ನು ಕಟ್ಟಬೇಕೆಂಬ ಯತ್ನವು ದೊಡ್ಡದೆಂದು ಒಪ್ಪಬೇಕು. ಅದಕ್ಕೆ ತೆತ್ತ ಕಾಪುವಿನ ಒಕ್ಕಲಿಗನ ಅಕ್ಕಿಮುಡಿಯೂ ಅಷ್ಟೇ ದೊಡ್ಡದೆಂದು ಬರೆದಿಡಬೇಕು.