ಹಿಂದುಳಿದಿರುವಿಕೆಯ ಅಳತೆಗೋಲು: ನಾಗನಗೌಡ ಸಮಿತಿಯ ವರದಿಯನ್ನು ಕುರಿತು

ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ 1960ರಲ್ಲಿ ನೇಮಕಗೊಂಡು 1961ರಲ್ಲಿ ವರದಿಯೊಪ್ಪಿಸಿದ ಮೈಸೂರು ಹಿಂದುಳಿದ ವರ್ಗಗಳ ಸಮಿತಿಯನ್ನು ನಮ್ಮ ಚರಿತ್ರಕಾರರು ಸಾಮಾನ್ಯವಾಗಿ ಜಾತಿರಾಜಕೀಯದ ಒಂದು ಅಧ್ಯಾಯವೆಂದೇ ಓದುವರು. ಆ ಓದು ತಪ್ಪೆಂದು ನಾವು ಹೇಳುವುದಿಲ್ಲ; ಅದು ಸಾಲದು. ಸಮಿತಿ ಕೈಗೆತ್ತಿಕೊಂಡ ಅಳತೆಗೋಲನ್ನೇ ಪರೀಕ್ಷಿಸಿದವರು ವಿರಳ.

ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಒಂದೊಂದು ಜಾತಿಯ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿರುವರೆಂಬ ಎಣಿಕೆಯೇ ಆ ಅಳತೆಗೋಲು. ರಾಜ್ಯದ ಸರಾಸರಿ 6.9 ಎಂದು ಬಂದಿತು. ಇದನ್ನಾಧರಿಸಿ ಸರಕಾರವು 1962ರ ಜುಲೈ 31ರ ಆಜ್ಞೆಯಿಂದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೂರಕ್ಕೆ 68 ಸ್ಥಾನಗಳನ್ನು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಸರಾಸರಿಗಿಂತ ತುಸು ಕೆಳಗಿರುವುದೇ ಹಿಂದುಳಿದಿರುವಿಕೆಯಲ್ಲವೆಂದೂ, ಬಡತನ, ವೃತ್ತಿ, ವಾಸಸ್ಥಳಗಳನ್ನು ಗಣಿಸಬೇಕೆಂದೂ ಹೇಳಿತು. ಇದು ಒಪ್ಪತಕ್ಕ ಮಾತು. ಆದರೆ ಪ್ರೌಢಶಾಲೆಯಿಂದಲೇ ಎಣಿಕೆ ಆರಂಭವಾಗುವುದರ ದೋಷ ಇದಕ್ಕಿಂತ ಆಳವಾದುದು.

1961ರ ಜನಗಣತಿಯಂತೆ ಈ ರಾಜ್ಯದಲ್ಲಿ ಅಕ್ಷರ ಬಲ್ಲವರು ಸುಮಾರು ಕಾಲುಭಾಗ. ಹೆಂಗಸರಲ್ಲಿ ನೂರಕ್ಕೆ ಸುಮಾರು 14. ಹೀಗಿರುವಾಗ ಮೂರನೆಯ ತರಗತಿಯಲ್ಲಿ ದನ ಕಾಯಲು ಹೊರಟ ಹುಡುಗ, ತಮ್ಮನನ್ನೆತ್ತಿಕೊಂಡು ಮನೆಯಲ್ಲುಳಿದ ಹುಡುಗಿ, ಚಳಿಜ್ವರದಿಂದ ವರ್ಷವಿಡೀ ಶಾಲೆ ತಪ್ಪಿಸಿದ ಮಗು, ಇವರು ಎಲ್ಲಿ ನಿಂತರೆಂಬುದನ್ನು 6.9 ಹೇಳಲಾರದು. ಒಂದೇ ಜಾತಿಯ ಪಟೇಲನ ಮಕ್ಕಳು ಸರಾಸರಿಯನ್ನು ಮೇಲೆತ್ತಿದರೆ ಅದೇ ಜಾತಿಯ ಕೂಲಿಯ ಮಗಳು ಕಾಗದದ ಮೇಲೆ ಮುಂದುವರಿದವಳಾಗುತ್ತಾಳೆ! ಇನ್ನೊಂದು ವಿಚಿತ್ರ. ವಿವಾದವೆಲ್ಲ ವೈದ್ಯನಾಗುವವನು ಯಾರೆಂಬುದಾಗಿತ್ತು. ವೈದ್ಯನ ಬಾಗಿಲಿಗೆ ಬರಲಾಗದವನು ಯಾರೆಂಬ ಪ್ರಶ್ನೆಗೆ ಈ ಅಳತೆಗೋಲಿನಲ್ಲಿ ಗೆರೆಯೇ ಇರಲಿಲ್ಲ. ಶಿಶುಮರಣವಾಗಲಿ ಪೌಷ್ಟಿಕತೆಯಾಗಲಿ ಹಿಂದುಳಿದಿರುವಿಕೆಯ ಲಕ್ಷಣವೆಂದು ಅದು ಗಣಿಸಲಿಲ್ಲ.

1963ರಲ್ಲಿ ಸರಕಾರವು ಜಾತಿಯನ್ನು ಬಿಟ್ಟು ವೃತ್ತಿ ಹಾಗೂ ವರ್ಷಕ್ಕೆ 1200 ರೂಪಾಯಿಯೊಳಗಿನ ಕುಟುಂಬದ ವರಮಾನವನ್ನು ಹಿಡಿಯಿತು; ಸುಪ್ರೀಂ ಕೋರ್ಟು ಮರುವರ್ಷ ಚಿತ್ರಲೇಖಾ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. ನಮಗೆ ಇದೂ ಪೂರ್ಣವಾಗಿ ಒಪ್ಪಿಗೆಯಿಲ್ಲ. ಸಂಬಳದ ಜವಾನನ ವರಮಾನ ಕಚೇರಿಯ ಲೆಕ್ಕದಲ್ಲಿರುತ್ತದೆ, ಹೊಲದ ಬೆಳೆಯದು ಹಾಗಲ್ಲ. ಅಸ್ಪೃಶ್ಯತೆಯನ್ನಂತೂ ರೂಪಾಯಿಯಲ್ಲಿ ಅಳೆಯಲು ಬಾರದು. 1975ರ ಹಾವನೂರು ಆಯೋಗ ಹೆಚ್ಚು ವಿಸ್ತಾರವಾಗಿ ವಿಚಾರಿಸಿತಾದರೂ, ಶಿಕ್ಷಣದ ಮಟ್ಟಿಗೆ 1972ರ ಎಸ್.ಎಸ್.ಎಲ್.ಸಿ. ತೇರ್ಗಡೆಯನ್ನೇ ಆಧರಿಸಿತು. ಗೋಲು ಮತ್ತೆ ಅದೇ ಮೆಟ್ಟಿಲಿನ ಮೇಲೆ ನಿಂತಿತು.

ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಶಾಲೆ ಬಿಟ್ಟ ಕಾರಣಕ್ಕೆ ಒಂದು ಅಂಕಣವುಂಟು. ನಾವು ನೋಡಿದ ಕೆಲವು ಪುಸ್ತಕಗಳಲ್ಲಿ ಅದು ಬಹುಮಟ್ಟಿಗೆ ಖಾಲಿಯಾಗಿತ್ತು. ತುಂಬಿದ್ದೆಡೆ 'ಗೈರುಹಾಜರಿ' ಎಂಬ ಒಂದೇ ಮಾತು. ಅವೇ ಗ್ರಾಮಗಳ ಜನನ-ಮರಣ ರಿಜಿಸ್ಟರುಗಳನ್ನು ಪಕ್ಕದಲ್ಲಿಟ್ಟು ಹೆಸರಿಗೆ ಹೆಸರು ತಾಳೆನೋಡುವ ಕೆಲಸವನ್ನು ಒಂದು ಹೋಬಳಿಯಿಂದಲಾದರೂ ಆರಂಭಿಸಬಹುದು.