ಪಾಠಾಂತರದ ಪ್ರಾಮಾಣ್ಯ: ರಾಮೋನ್ ಮೆನೆಂದೆಸ್ ಪಿದಾಲ್ ಅವರ ಸಂಶೋಧನೆ

ಸ್ಪ್ಯಾನಿಷ್ ಸಾಹಿತ್ಯ ಸಂಶೋಧನೆಯಲ್ಲಿ ರಾಮೋನ್ ಮೆನೆಂದೆಸ್ ಪಿದಾಲ್ (1869–1968) ಅವರದು ಅಗ್ರಗಣ್ಯ ಹೆಸರು. ಭಾಷಾಶಾಸ್ತ್ರ, ಇತಿಹಾಸ, ಗ್ರಂಥಸಂಪಾದನೆ ಹಾಗೂ ಜಾನಪದ ಕ್ಷೇತ್ರಗಳಲ್ಲಿ ಏಳು ದಶಕಗಳಷ್ಟು ಕಾಲ ದುಡಿದ ಅವರ ಬರಹಗಳ ಹಿಂದೆ ಒಂದು ಮೂಲಭೂತ ಪ್ರಶ್ನೆಯಿದೆ: ಬರಹಕ್ಕಿಳಿಯದ ಕಾವ್ಯವನ್ನು ಸಾಹಿತ್ಯ ಚರಿತ್ರೆ ಹೇಗೆ ಪರಿಗಣಿಸಬೇಕು? ಅವರು ನೀಡಿದ ಉತ್ತರ ಜಾನಪದ ಅಧ್ಯಯನಕ್ಕೆ ಇಂದಿಗೂ ಮೌಲಿಕವಾದುದು. ಆದರೆ ಸಂಪಾದಕರಾಗಿ ಅವರೇ ಅದಕ್ಕೆ ಎಷ್ಟರಮಟ್ಟಿಗೆ ಬದ್ಧರಾಗಿದ್ದರು ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

1896ರಲ್ಲಿ ಪ್ರಕಟವಾದ ಅವರ ಮೊದಲ ಮಹತ್ವದ ಕೃತಿ, ಸೋದರಮಾವನ ದ್ರೋಹಕ್ಕೆ ಬಲಿಯಾದ ಲಾರಾ ಮನೆತನದ ಏಳು ಸಹೋದರರ ಐತಿಹ್ಯವನ್ನು ಕುರಿತದ್ದು. ಆ ವೀರಕಾವ್ಯದ ಹಸ್ತಪ್ರತಿ ಉಳಿದಿರಲಿಲ್ಲ. ಪಿದಾಲ್ ಮಧ್ಯಯುಗದ ಗದ್ಯ ಚರಿತ್ರೆಗಳನ್ನು ಸೂಕ್ಷ್ಮವಾಗಿ ಓದಿ, ವಾಕ್ಯಗಳ ನಡುವೆ ಅಡಗಿದ್ದ ಪ್ರಾಸದ ಅವಶೇಷಗಳನ್ನು ಗುರುತಿಸಿದರು; ಚರಿತ್ರಕಾರರು ಕಾವ್ಯವನ್ನೇ ಗದ್ಯಕ್ಕೆ ಕರಗಿಸಿದ್ದರೆಂದು ತೋರಿಸಿಕೊಟ್ಟರು.

ಅವರ ಸಂಶೋಧನೆಗೆ ಹೊಸ ದಿಕ್ಕು ದೊರೆತದ್ದು 1900ರಲ್ಲಿ. ಆಗಷ್ಟೇ ವಿವಾಹವಾಗಿದ್ದ ಅವರು ಪತ್ನಿ ಮರಿಯಾ ಗೋಯ್ರಿ ಅವರೊಂದಿಗೆ, ಕಾವ್ಯನಾಯಕ ಸಿದ್ ಗಡಿಪಾರಾಗಿ ಸಾಗಿದ ಹಾದಿಯಲ್ಲಿ ಪ್ರವಾಸ ಕೈಗೊಂಡಿದ್ದರು. ಓಸ್ಮಾದಲ್ಲಿ ಬಟ್ಟೆ ಒಗೆಯುವ ಮಹಿಳೆಯೊಬ್ಬಳು ಹಾಡಿದ ಕಥನಗೀತೆಯೊಂದು ದಂಪತಿಗಳ ಕಿವಿಗೆ ಬಿತ್ತು. ಅದು 1497ರಲ್ಲಿ ತೀರಿಕೊಂಡ ರಾಜಕುಮಾರ ಹುವಾನನ ಮರಣವನ್ನು ಕುರಿತದ್ದೆಂದು ಅವರು ಗುರುತಿಸಿದರು. ಕಾಸ್ತಿಯಾ ಪ್ರಾಂತದಲ್ಲಿ ಕಥನಗೀತೆಗಳ ಪರಂಪರೆ ನಶಿಸಿದೆಯೆಂಬ ಪಂಡಿತರ ನಂಬಿಕೆಯನ್ನು ಆ ಹಾಡು ಅಲುಗಾಡಿಸಿತು. ನಾಲ್ಕು ಶತಮಾನಗಳ ಹಿಂದಿನ ಘಟನೆ ಜನರ ನಾಲಿಗೆಯ ಮೇಲೆ ಜೀವಂತವಾಗಿತ್ತು!

ಮುಂದೆ ಸ್ಪೇನ್, ದಕ್ಷಿಣ ಅಮೆರಿಕ ಹಾಗೂ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದಿಗಳ ವಂಶಸ್ಥರಿಂದ ಬಂದ ಪಾಠಗಳು ಅವರ ಸಂಗ್ರಹವನ್ನು ಬೆಳೆಸಿದವು. ಇವುಗಳ ತೌಲನಿಕ ಅಧ್ಯಯನದಿಂದ ರೂಪುಗೊಂಡದ್ದೇ ಅವರ ಪ್ರಸಿದ್ಧ ಪರಿಕಲ್ಪನೆ: ಪರಂಪರಾಗತ ಕಾವ್ಯ ಬದುಕುವುದು ಪಾಠಾಂತರಗಳಲ್ಲಿ. ಪಾಠಾಂತರವೆಂಬುದು ಮೂಲದ ವಿಕೃತಿಯಲ್ಲ. ಕಾವ್ಯದ ಇರುವಿಕೆಯ ಕ್ರಮವೇ ಅದು. ಲಿಖಿತ ದಾಖಲೆಯಿಲ್ಲದ ಕಾಲದಲ್ಲಿಯೂ ಕಾವ್ಯ ಸುಪ್ತವಾಗಿ ಹರಿಯುತ್ತಿರಬಲ್ಲದು. ವೀರಕಾವ್ಯಗಳನ್ನು ವ್ಯಕ್ತಿಪ್ರತಿಭೆಯ ಸೃಷ್ಟಿಯೆಂದು ಭಾವಿಸಿದ ಫ್ರೆಂಚ್ ವಿದ್ವಾಂಸ ಜೋಸೆಫ್ ಬೆದಿಯೆ ಅವರ ವಾದಕ್ಕೆ ಇದು ಪ್ರಬಲ ಪ್ರತಿವಾದವಾಯಿತು.

ಆದರೆ ಸಿದ್ಧಾಂತಕ್ಕೂ ಸಂಪಾದನೆಗೂ ನಡುವೆ ಬಿರುಕೊಂದು ಗೋಚರಿಸುತ್ತದೆ. 1928ರ ಜನಪ್ರಿಯ ಕಥನಗೀತೆ ಸಂಕಲನದಲ್ಲಿ ಅವರು ಹಲವು ಪಾಠಗಳನ್ನು ಬೆಸೆದು, ಅಲ್ಲಲ್ಲಿ ತಿದ್ದಿ, ಸುಂದರ ಪಾಠಗಳನ್ನು ಸಿದ್ಧಪಡಿಸಿದರು. ತಾವೂ ಪರಂಪರೆಯ ಒಬ್ಬ ವಾಹಕರೆಂಬುದು ಅವರ ಸಮರ್ಥನೆ. ಈ ಸಮರ್ಥನೆಯನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಹಾಡುವವಳ ಬದಲಾವಣೆ ಮುಂದಿನ ಬಾಯಿಯಲ್ಲಿ ಮತ್ತೆ ಬದಲಾಗುತ್ತದೆ. ವಿದ್ವಾಂಸನ ಬದಲಾವಣೆ ಅಚ್ಚಾಗಿ, ಅಧಿಕೃತವೆನಿಸಿ, ಉಳಿದ ಪಾಠಗಳನ್ನು ಮರೆಗೆ ಸರಿಸುತ್ತದೆ. ಸಿದ್ ಕಾವ್ಯದ ವಿಷಯದಲ್ಲಿಯೂ ಇಂತಹುದೇ ತೊಡಕಿದೆ. ಅದರ ರಚನೆಯನ್ನು ಸುಮಾರು 1140ಕ್ಕೆ ಒಯ್ದು, ನಾಯಕನ ಕಾಲಕ್ಕೆ ಹತ್ತಿರವಾಗಿಸಿ, 1929ರ ಇತಿಹಾಸ ಕೃತಿಯಲ್ಲಿ ಕಾವ್ಯವನ್ನು ಅವರು ಹೆಚ್ಚಾಗಿಯೇ ನೆಚ್ಚಿದರು. ಹಸ್ತಪ್ರತಿಯ ಕೊನೆಯಲ್ಲಿರುವ, 1207ಕ್ಕೆ ಸಮನಾದ ಕಾಲಸೂಚನೆಯನ್ನು ಆಧರಿಸಿ ಕಾಲಿನ್ ಸ್ಮಿತ್ 1983ರಲ್ಲಿ ಈ ನಿಲುವನ್ನು ಪ್ರಶ್ನಿಸಿದರು.

ಈ ವಿಮರ್ಶೆಯಿಂದ ಪಿದಾಲ್ ಅವರ ಸಾಧನೆ ಕುಂದುವುದಿಲ್ಲ. ಏಕೆಂದರೆ ಅವರನ್ನು ವಿಮರ್ಶಿಸಲು ಬೇಕಾದ ಆಕರಗಳನ್ನು ಉಳಿಸಿಕೊಟ್ಟದ್ದು ಅವರ ಮನೆಯ ಸಂಗ್ರಹವೇ. ಆ ಸಂಗ್ರಹದಲ್ಲಿ ಮರಿಯಾ ಗೋಯ್ರಿ ಅವರ ಪಾಲು ಸಹಾಯಕಿಯದಲ್ಲ, ಸಹಸಂಶೋಧಕಿಯದು. ಮೌಖಿಕ ಪರಂಪರೆಯಲ್ಲಿ ಹುಡುಕಬೇಕಾದ ಕಥನಗೀತೆಗಳನ್ನು ಪಟ್ಟಿಮಾಡಿ, ಕ್ಷೇತ್ರಕಾರ್ಯಕರ್ತರಿಗೆ ಅವರು 1906–07ರಲ್ಲಿ ದಾರಿ ತೋರಿದ್ದರು. ಮೊಮ್ಮಗ ದಿಯೇಗೊ ಕತಲಾನ್ (1928–2008) ಈ ಕಾರ್ಯವನ್ನು ಮುಂದುವರಿಸಿದರು.

ಪಿದಾಲ್ ಅವರ ತತ್ತ್ವವನ್ನು ಅವರ ಸಂಪಾದನೆಗೂ ಅನ್ವಯಿಸುವುದಾದರೆ, 1928ರ ಸಂಕಲನವನ್ನು ಮೂಲಪಾಠವೆಂದಲ್ಲ, ಇನ್ನೊಂದು ಪಾಠಾಂತರವೆಂದೇ ಓದಬೇಕು. ಓಸ್ಮಾದ ಆ ಮಹಿಳೆಯ ಪಾಠಕ್ಕೂ ಅದಕ್ಕೂ ಸಮಾನ ಸ್ಥಾನ ದೊರೆತಾಗಲೇ ಅವರ ಸಿದ್ಧಾಂತಕ್ಕೆ ನ್ಯಾಯ ಸಲ್ಲುತ್ತದೆ.