ಹಸಿರು ಪೇಪರ್ ಸೀಲಿನ ಸೊಗಸು

ಮತಯಂತ್ರದ ಬಗ್ಗೆ ವಾದ ಎದ್ದಾಗಲೆಲ್ಲ ಮಾತು ಅದರೊಳಗಿನ ಚಿಪ್‌ ಸುತ್ತಲೇ ಸುತ್ತುತ್ತದೆ. ನನ್ನ ಕಣ್ಣು ಹೋಗುವುದು ಅದರ ಕಾಗದದ ಮೇಲೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ, ಇಂಟರ್ನೆಟ್ಟಿನ ಸಂಬಂಧವಿಲ್ಲ. ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಕಟ್ಟಿ, ಕೊನೆಗೆ ಕಾವಲಿಗೆ ಕೂರಿಸಿರುವುದು ದಾರ, ಅರಗು, ಕಾಗದವನ್ನು!

ಮತಗಟ್ಟೆಯ ಬೆಳಗಿನ ಜಾವ ನೋಡಬೇಕು. 7ಕ್ಕೆ ಮತದಾನವೆಂದರೆ 5.30ಕ್ಕೇ ಅಣಕು ಮತದಾನ. ಕನಿಷ್ಠ 50 ಮತ ಒತ್ತಿ, ಬಂದ ಲೆಕ್ಕವನ್ನು ವಿವಿಪ್ಯಾಟ್ (ಪ್ರತಿ ಮತವನ್ನೂ ಕಾಗದದಲ್ಲಿ ಮುದ್ರಿಸುವ ಪೆಟ್ಟಿಗೆ) ಚೀಟಿಗಳೊಂದಿಗೆ ತಾಳೆ ನೋಡುತ್ತಾರೆ. ಆಮೇಲೆ ಸಿಆರ್‌ಸಿ: ಕ್ಲೋಸ್, ರಿಸಲ್ಟ್, ಕ್ಲಿಯರ್. ಚುನಾವಣಾ ತರಬೇತಿ ಮುಗಿಸಿದ ಮೇಷ್ಟ್ರುಗಳಿಗೆ ಇದು ಮಗ್ಗಿಯಂತೆ ಬಾಯಿಪಾಠ. ಪರದೆಯಲ್ಲಿ ಸೊನ್ನೆ ಕಂಡ ಮೇಲೆ ಹಸಿರು ಪೇಪರ್ ಸೀಲಿನ ಸರದಿ.

ನೋಡಲು ಬರೀ ಒಂದು ಪಟ್ಟಿ, ಮೇಲೊಂದು ಕ್ರಮಸಂಖ್ಯೆ. ಬಿಳಿ ಬದಿಯಲ್ಲಿ ಪ್ರಿಸೈಡಿಂಗ್ ಆಫೀಸರ್ ಸಹಿ, ಪಕ್ಕದಲ್ಲಿ ಏಜೆಂಟರದು. ಮೊನ್ನೆ ತನಕ ಮೈಕ್ ಹಿಡಿದು ಬೈದಾಡಿಕೊಂಡ ಪಕ್ಷಗಳ ಸಹಿಗಳು ಅಲ್ಲಿ ಒತ್ತೊತ್ತಾಗಿ ಕೂರುತ್ತವೆ, ಇಕ್ಕಟ್ಟಿನ ಬೆಂಚಿನಲ್ಲಿ ಅವರೇ ಕೂತಿರುವ ಹಾಗೆಯೇ. ಪಟ್ಟಿ ರಿಸಲ್ಟ್ ಗುಂಡಿಯನ್ನು ಮುಚ್ಚಿಕೊಂಡು ಕೂತು, ತುದಿಗಳನ್ನು ಮುಚ್ಚಳದಿಂದ ಹೊರಗೆ ಚಾಚಿರುತ್ತದೆ. ಎಣಿಕೆಯ ದಿನ ಆ ಕಾಗದವನ್ನು ತೂತು ಮಾಡಿಯೇ ಗುಂಡಿ ಒತ್ತಬೇಕು. ಕಳ್ಳನನ್ನು ತಡೆಯುವ ಶಕ್ತಿ ಅದಕ್ಕಿಲ್ಲ; ಹರಿದು ಸುದ್ದಿ ಹೇಳುವುದಷ್ಟೇ ಅದರ ಕೆಲಸ. ಬಲವಿಲ್ಲದ್ದನ್ನೇ ಆರಿಸಿ ಕಾವಲಿಗಿಟ್ಟವರ ಬುದ್ಧಿಗೆ ನಾನು ತಲೆದೂಗಿದ್ದೇನೆ.

ಹಾಗೆಂದು ಮೈಮರೆಯುವಂತಿಲ್ಲ. ಯಂತ್ರ ಕೈಗೆ ಸಿಕ್ಕರೆ ಅದರ ಡಿಸ್‌ಪ್ಲೇ ಫಲಕವನ್ನೇ ಬದಲಿಸಿ ಸುಳ್ಳು ಲೆಕ್ಕ ಹೇಳಿಸಬಹುದೆಂದು ತಂತ್ರಜ್ಞರಾದ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಮಾಡಿಯೇ ತೋರಿಸಿದರು. ಸೀಲುಗಳ ಮೇಲೂ ಅವರಿಗೆ ಭರವಸೆಯಿರಲಿಲ್ಲ. 2024ರ ಏಪ್ರಿಲ್ 26ರಂದು, ಕರ್ನಾಟಕದ 14 ಕ್ಷೇತ್ರಗಳು ಮತ ಹಾಕುತ್ತಿದ್ದ ದಿನವೇ, ಸುಪ್ರೀಂ ಕೋರ್ಟ್ ಯಂತ್ರವನ್ನು ಉಳಿಸಿಕೊಂಡಿತು. ವಿವಿಪ್ಯಾಟ್‌ಗೆ ಚಿಹ್ನೆ ತುಂಬುವ ಯೂನಿಟ್‌ಗಳನ್ನು ಕನಿಷ್ಠ 45 ದಿನ ಕಾಪಿಡಿ ಎಂದಿತು. ಹೇಗೆ? ಸೀಲು ಮಾಡಿ, ಅದರ ಮೇಲೆ ಅಭ್ಯರ್ಥಿಗಳ ಇಲ್ಲವೇ ಅವರ ಪ್ರತಿನಿಧಿಗಳ ಸಹಿ ಹಾಕಿಸಿ!

ಸೀಲಿನ ಸಂಖ್ಯೆಯನ್ನು ಯಾರೂ ಬರೆದುಕೊಳ್ಳದ ಮತಗಟ್ಟೆಯಲ್ಲಿ ಈ ಸೊಗಸೆಲ್ಲ ವ್ಯರ್ಥ. ಮುಂದಿನ ಸಲ ನೀವೇ ಏಜೆಂಟರಾಗಿ ಕೂತರೆ, ತಿಂಡಿಯ ಪೊಟ್ಟಣ ಬಿಚ್ಚುವ ಮೊದಲು ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಂಜೆ ಹೊರಡುವಾಗ, ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೇಳಿ ಪಡೆಯಿರಿ.